ಮುಪ್ಪಿನ ಕಿವುಡು: ಉಪೇಕ್ಷೆ ಸಲ್ಲದು

60 ವರ್ಷ ದಾಟಿದವರಲ್ಲಿ ಶೇ 25ಕ್ಕಿಂತ ಹೆಚ್ಚು ಮಂದಿಯನ್ನು ನಿತ್ಯದ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ವ್ಯಾಪಕವಾದ ಸಮಸ್ಯೆಯನ್ನು ನಾವು ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದೇವೆ.

ಶಬ್ದವನ್ನು ಗ್ರಹಿಸುವ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ವಯಸ್ಸಾದಂತೆ ನಶಿಸುತ್ತವೆ; ಒಮ್ಮೆ ನಶಿಸಿದರೆ ಮತ್ತೆ ಹುಟ್ಟುವುದಿಲ್ಲ. ಸ, ಶ, ಚ ಮುಂತಾದ ತೀಕ್ಷ್ಣ ಧ್ವನಿಗಳು ಮೊದಲು ಮಸುಕಾಗುತ್ತವೆ. ದನಿ ಕೇಳಿಸಿದರೂ ಮಾತು ತಿಳಿಯುವುದಿಲ್ಲ. ಮತ್ತೆ ಮತ್ತೆ ಕೇಳಲು ಸಂಕೋಚಪಟ್ಟು ಹಿರಿಯರು ಮಾತುಕತೆಯಿಂದಲೇ ದೂರ ಸರಿಯುತ್ತಾರೆ. ಚಿಕಿತ್ಸೆ ಕಾಣದ ಶ್ರವಣದೋಷಕ್ಕೂ ಮರೆಗುಳಿ ಕಾಯಿಲೆಯ ಅಪಾಯಕ್ಕೂ ನಂಟಿದೆ ಎಂದು ವೈದ್ಯಕೀಯ ನಿಯತಕಾಲಿಕೆ ‘ಲ್ಯಾನ್ಸೆಟ್’ನ ತಜ್ಞರ ಆಯೋಗ ಎಚ್ಚರಿಸಿದೆ.

ಪರಿಹಾರಗಳು ಇಲ್ಲದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಜ್ಞರಿದ್ದಾರೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಬಡ ಹಿರಿಯರಿಗೆ ಶ್ರವಣ ಸಾಧನ ಉಚಿತವಾಗಿ ಸಿಗುತ್ತದೆ. ಆದರೆ ದೋಷವೇ ಪತ್ತೆಯಾಗದಿದ್ದರೆ ಯೋಜನೆಯಿಂದ ಏನು ಪ್ರಯೋಜನ? ಬಿಪಿ, ಶುಗರ್ ತಪಾಸಣೆಯಂತೆ ಕಿವಿಯ ಪರೀಕ್ಷೆಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾಡಿಕೆಯಾಗಬೇಕು. ಸರ್ಕಾರ ಈ ಹೊಣೆ ಹೊರಲಿ. ಮನೆಯವರು ಹಿರಿಯರ ಮೇಲೆ ರೇಗುವುದನ್ನು ಬಿಟ್ಟು, ತಡಮಾಡದೆ ಅವರನ್ನು ತಪಾಸಣೆಗೆ ಕರೆದೊಯ್ಯಲಿ.