ಹೊಣೆಗಾರ ನಿರ್ದೇಶಕರ ಹೆಸರು ಠರಾವಿನಲ್ಲಿರಲಿ

ಜಾನ್ ಟೇಲರ್ ಸಂಸ್ಥೆಯ ಕಾಲದಲ್ಲಿ ಕೆ.ಜಿ.ಎಫ್.ನ ಪ್ರತಿ ಗಣಿಗೂ ಒಬ್ಬ ಸೂಪರಿಂಟೆಂಡೆಂಟ್ ಇದ್ದರು. ಗಣಿಯ ಆಗುಹೋಗುಗಳಿಗೆ ಅವರೇ ಉತ್ತರವಾದಿ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂದು ಯಜಮಾನಿಕೆ ಬದಲಾಗಿ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅದಿರಿನ ಸತ್ವ ಕುಗ್ಗಿದ್ದೇ ದೊಡ್ಡ ಕಾರಣ, ನಿಜ. ಆದರೆ ಕಾರ್ಮಿಕರ ಬಾಕಿಗೆ ಉತ್ತರಿಸುವವರು ಯಾರೆಂಬ ಪ್ರಶ್ನೆ ಬಹುಕಾಲ ಉಳಿಯಿತು.

ಕೋರಮಂಡಲ್ ಅಥವಾ ಬಂಗಾರಪೇಟೆಯ ಸಣ್ಣ ಕಾರ್ಖಾನೆಯೊಂದು ಪಾಲುದಾರಿಕೆಯಿಂದ ಪ್ರೈವೇಟ್ ಲಿಮಿಟೆಡ್ ಆಗಿ ಬೆಳೆಯಿತೆನ್ನಿ. ತಂದೆ, ಇಬ್ಬರು ಮಕ್ಕಳು, ಅಳಿಯ, ಸಹಿಗಷ್ಟೇ ಬರುವ ಸೊಸೆ, ಎಲ್ಲರೂ ನಿರ್ದೇಶಕರೇ. ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದವರು ಯಾರು? 2013ರ ಕಂಪನಿ ಕಾಯ್ದೆಯ 2(60)ನೇ ಪ್ರಕರಣದಂತೆ, ವ್ಯವಸ್ಥಾಪಕ ನಿರ್ದೇಶಕರೇ ಮೊದಲಾದ ಪ್ರಮುಖ ಅಧಿಕಾರಿಗಳಿಲ್ಲದ ಕಂಪನಿಯಲ್ಲಿ, ಆಡಳಿತ ಮಂಡಲಿಯು ಲಿಖಿತ ಸಮ್ಮತಿ ಪಡೆದು ಹೊಣೆಗಾರ ನಿರ್ದೇಶಕರನ್ನು ಹೆಸರಿಸದಿದ್ದರೆ ಎಲ್ಲ ನಿರ್ದೇಶಕರೂ ತಪ್ಪಿತಸ್ಥರು. ಸೊಸೆಯೂ ದಂಡ ತೆರಬೇಕಾದೀತು! ಹೆಸರಿಸಿದ ಮೇಲೂ, ತಪ್ಪು ನಡೆಯುತ್ತಿರುವುದನ್ನು ತಿಳಿದು ಸುಮ್ಮನಿದ್ದವರಿಗೆ ವಿನಾಯಿತಿಯಿಲ್ಲ.

ಠರಾವಿಗೆ ಒಂದು ಹಾಳೆ ಸಾಕು. ಆದರೆ ಹೆಸರಿಸಿದವರಿಗೆ ಚೆಕ್ಕಿಗೆ ಸಹಿ ಹಾಕುವ ಅಧಿಕಾರವನ್ನೂ ಕೊಡತಕ್ಕದ್ದು. ತಿಜೋರಿಯ ಕೀಲಿ ತಂದೆಯ ಬಳಿಯೇ ಉಳಿದು, ಉತ್ತರ ಹೇಳುವ ಕೆಲಸ ಮಾತ್ರ ಮಗನ ಪಾಲಿಗೆ ಬಂದರೆ, ಆತ ಸಮ್ಮತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಯೋಚಿಸುವುದು ಒಳಿತು.