ಬ್ಯಾಟರಿ ಇಳಿದ ಜೀಪನ್ನು ಇಳಿಜಾರಿಗೆ ಬಿಡಬೇಡಿ



ಕೊಡಗಿನ ಅನೇಕ ತೋಟಗಳಲ್ಲಿ ಒಂದು ನೋಟ ಸಾಮಾನ್ಯ. ಮನೆಯ ಮುಂದೆ ಸಮತಟ್ಟಾದ ಕಣವಿದ್ದರೂ ಜೀಪು ಅಲ್ಲಿ ನಿಂತಿರುವುದಿಲ್ಲ. ದಾರಿಯ ಏರಿನ ನೆತ್ತಿಯಲ್ಲಿ, ಮೂತಿ ಕೆಳಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿರುತ್ತಾರೆ. ಕಾರಣ ಕೇಳಿದರೆ, "ಬ್ಯಾಟರಿ ಸ್ವಲ್ಪ ವೀಕು, ಬೆಳಿಗ್ಗೆ ಉರುಳಿಸಿದರೆ ಹೊರಡುತ್ತದೆ" ಎಂಬ ಉತ್ತರ ಬರುತ್ತದೆ. ಇದನ್ನು ನಾವು ಜಾಣತನವೆಂದು ತಿಳಿದಿದ್ದೇವೆ. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ.

ಒಂದು ಕಕ್ಕಡದ ರಾತ್ರಿ ನಮ್ಮ ಲೈನ್‌ಮನೆಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು ಬಂದಿತು. ನಾಲ್ಕು ದಿನದಿಂದ ಮಳೆ, ಕರೆಂಟು ಇಲ್ಲ, ಜೀಪಿನ ಬ್ಯಾಟರಿಯಿಂದಲೇ ಮನೆಯ ಮೊಬೈಲುಗಳನ್ನೆಲ್ಲ ಚಾರ್ಜು ಮಾಡಿದ್ದೆವು. ಕೀಲಿ ತಿರುಗಿಸಿದರೆ ಬರೀ 'ಟಿಕ್' ಎಂಬ ಸದ್ದು. ಆಕೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಜೀಪನ್ನು ಇಳಿಜಾರಿಗೆ ಬಿಟ್ಟೆ. ಇಂಜಿನ್ ಹಿಡಿಯಲಿಲ್ಲ. ಬ್ರೇಕು ಕಲ್ಲಿನಂತೆ ಗಟ್ಟಿಯಾಯಿತು, ಪಾಚಿ ಕಟ್ಟಿದ ದಾರಿಯಲ್ಲಿ ಚಕ್ರ ಜಾರಿತು. ತಿರುವಿನಲ್ಲಿದ್ದ ಸಿಲ್ವರ್ ಓಕ್ ಮರ ನಮ್ಮನ್ನು ತಡೆಯದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ. ಅಂದು ತಾಯಿ, ಮಗು ಇಬ್ಬರೂ ಉಳಿದರು. ಆದರೆ ಇಂದಿಗೂ ನನ್ನನ್ನು ಚುಚ್ಚುವ ಸಂಗತಿ ಬೇರೆ. ಆ ರಾತ್ರಿ ನೆರೆಯವರ ಪಿಕಪ್ ಗಾಡಿ ನಮ್ಮ ಕಣದಲ್ಲೇ ನಿಂತಿತ್ತು. ಅದರ ಕೀಲಿಯನ್ನು ಅವರು ಊರಿಗೆ ಒಯ್ದಿರಲಿಲ್ಲ, ಬ್ಯಾಟರಿಯೂ ಚೆನ್ನಾಗಿತ್ತು. ಗಾಬರಿಯಲ್ಲಿ ಅದು ನೆನಪಾಗಲಿಲ್ಲ. ನೆನಪಾಗಿದ್ದರೂ ಅದರಿಂದ ವಿದ್ಯುತ್ತು ಪಡೆಯಲು ಬೇಕಾದ ಎರಡು ತುಂಡು ಕೇಬಲ್ ಮನೆಯಲ್ಲಿರಲಿಲ್ಲ, ಅದನ್ನು ಜೋಡಿಸುವ ಕ್ರಮ ನನಗೆ ತಿಳಿದಿರಲಿಲ್ಲ.

ಬ್ಯಾಟರಿ ಇಳಿಯುವುದು ಅಪಾಯವಲ್ಲ. ಇಳಿದ ಮೇಲೆ ನಾವು ಗಾಬರಿಯಲ್ಲಿ ಮಾಡುವ ಕೆಲಸವೇ ಅಪಾಯ ಎಂಬುದು ನನ್ನ ಅಭಿಪ್ರಾಯ.

ಬಿಡಬೇಕಾದ ಎರಡು ರೂಢಿಗಳು

ಮೊದಲನೆಯದು, ಉರುಳಿಸಿ ಹೊರಡಿಸುವುದು. ಇಂದಿನ ಬಹುತೇಕ ಗಾಡಿಗಳಲ್ಲಿ ಬ್ರೇಕಿಗೆ ಇಂಜಿನ್ನಿನ ನೆರವು ಇದೆ. ಇಂಜಿನ್ ನಿಂತಿರುವಾಗ ಒಂದೆರಡು ಸಲ ತುಳಿದ ಮೇಲೆ ಆ ನೆರವು ಮುಗಿದು ಬ್ರೇಕು ಬಿಗಿಯಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಅಂದರೆ ಗಾಡಿ ವೇಗವಾಗಿ ಇಳಿಯುವ ಹೊತ್ತಿಗೇ ಅದರ ಹಿಡಿತ ನಮ್ಮ ಕೈ ತಪ್ಪುತ್ತದೆ. ಆಟೋಮ್ಯಾಟಿಕ್ ಗೇರಿನ ಗಾಡಿಯಂತೂ ಎಷ್ಟು ಉರುಳಿಸಿದರೂ ಹೊರಡುವುದಿಲ್ಲ.

ಎರಡನೆಯದು ಇನ್ನೂ ಘೋರವಾದುದು. ಟ್ರ್ಯಾಕ್ಟರಿನ ಪಕ್ಕದಲ್ಲಿ ನೆಲದ ಮೇಲೆ ನಿಂತು, ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿನ ಎರಡು ತುದಿಗಳನ್ನು ಕೂಡಿಸಿ ಇಂಜಿನ್ ಹೊರಡಿಸುವುದು. ಹೀಗೆ ಮಾಡಿದಾಗ ಟ್ರ್ಯಾಕ್ಟರಿನ ಸುರಕ್ಷತಾ ಸ್ವಿಚ್ಚುಗಳು ಕೆಲಸ ಮಾಡುವುದಿಲ್ಲ. ಗೇರಿನಲ್ಲಿದ್ದರೆ ಟ್ರ್ಯಾಕ್ಟರು ತಕ್ಷಣ ಮುನ್ನುಗ್ಗುತ್ತದೆ, ಕೂಡಿಸುವವನು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ದಾರಿಯಲ್ಲಿ. ಪ್ರಪಂಚದ ಅನೇಕ ಕಡೆ ರೈತರು ಹೀಗೆ ತಮ್ಮ ಟ್ರ್ಯಾಕ್ಟರಿಗೇ ಬಲಿಯಾಗಿದ್ದಾರೆ. ಟ್ರ್ಯಾಕ್ಟರನ್ನು ಸೀಟಿನ ಮೇಲೆ ಕುಳಿತು ಮಾತ್ರ ಹೊರಡಿಸತಕ್ಕದ್ದು.

ಸರಿಯಾದ ಕ್ರಮ

12 ವೋಲ್ಟಿನಿಂದ ಶಾಕ್ ಹೊಡೆದು ಸಾಯುವ ಭಯವಿಲ್ಲ. ಭಯವಿರುವುದು ಕಿಡಿಯದು ಮತ್ತು ಆಮ್ಲದ್ದು. ಬ್ಯಾಟರಿಯೊಳಗೆ ಇರುವುದು ನೀರು ಬೆರೆತ ಗಂಧಕಾಮ್ಲ. ಚಾರ್ಜ್ ಆಗುವಾಗ ಅದರಿಂದ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಈ ಅನಿಲ ಶೇ. 4ರಷ್ಟು ಸೇರಿದರೂ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಆದುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು. ಬ್ಯಾಟರಿ ಬಿರುಕು ಬಿಟ್ಟಿದ್ದರೆ ಅಥವಾ ಉಬ್ಬಿದ್ದರೆ ಮುಟ್ಟಲೇಬೇಡಿ. ಆಮ್ಲ ಕಣ್ಣಿಗೆ ಸಿಡಿದರೆ ಕಡಿಮೆಯೆಂದರೆ 15 ನಿಮಿಷ ಶುದ್ಧ ನೀರಿನಿಂದ ತೊಳೆಯುತ್ತಾ ಇದ್ದು, ಅನಂತರ ವೈದ್ಯರಲ್ಲಿಗೆ ಹೋಗಿರಿ.

ಎರಡೂ ಗಾಡಿಗಳ ಬ್ಯಾಟರಿ 12 ವೋಲ್ಟಿನದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಕೂಡಿ 24 ವೋಲ್ಟು ಇರುತ್ತದೆ. ಕಾಫಿ ಒಯ್ಯಲು ಬಂದ ಲಾರಿಯಿಂದ ಜೀಪಿಗೆ ವಿದ್ಯುತ್ತು ಪಡೆಯಕೂಡದು. ಗಾಡಿಗಳು ಒಂದಕ್ಕೊಂದು ತಾಗದಂತೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ಮತ್ತು ದೀಪಗಳನ್ನು ಆರಿಸಿರಿ. ಬಳಿಕ ಈ ಕ್ರಮ:

1. ಕೆಂಪು ಕೇಬಲಿನ ಒಂದು ತುದಿಯನ್ನು ಇಳಿದ ಬ್ಯಾಟರಿಯ ಪ್ಲಸ್ ಗುರುತಿಗೆ ಹಾಕಿರಿ.

2. ಅದರ ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಪ್ಲಸ್ ಗುರುತಿಗೆ ಹಾಕಿರಿ.

3. ಕಪ್ಪು ಕೇಬಲಿನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಮೈನಸ್ ಗುರುತಿಗೆ ಹಾಕಿರಿ.

4. ಅದರ ಇನ್ನೊಂದು ತುದಿಯನ್ನು ಇಳಿದ ಬ್ಯಾಟರಿಗೆ ಹಾಕಬೇಡಿ. ಆ ಗಾಡಿಯ ಇಂಜಿನ್ನಿನ ಬಣ್ಣವಿಲ್ಲದ ದಪ್ಪ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಹಾಕಿರಿ.

ನಾಲ್ಕನೆಯ ಹೆಜ್ಜೆಯಲ್ಲೇ ಎಲ್ಲ ಗುಟ್ಟು ಇದೆ. ಕಡೆಯ ಜೋಡಣೆಯಲ್ಲಿ ಸಣ್ಣ ಕಿಡಿ ಹಾರುವುದು ಸಹಜ. ಆ ಕಿಡಿ ಅನಿಲವಿರುವ ಬ್ಯಾಟರಿಯ ಬಾಯಲ್ಲಿ ಹಾರದಿರಲಿ ಎಂದೇ ದೂರ ಹಾಕುವುದು.

ಈಗ ಒಳ್ಳೆಯ ಗಾಡಿಯನ್ನು ಹೊರಡಿಸಿ ಐದು ನಿಮಿಷ ಬಿಟ್ಟು, ಬಳಿಕ ನಿಂತ ಗಾಡಿಯ ಕೀಲಿ ತಿರುಗಿಸಿರಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ. ಹೊರಟ ಮೇಲೆ ಕೇಬಲುಗಳನ್ನು ಹಾಕಿದ್ದಕ್ಕೆ ತಿರುಗುಮುರುಗು ಕ್ರಮದಲ್ಲಿ ತೆಗೆಯಿರಿ. ತೆಗೆಯುವಾಗ ತುದಿಗಳು ಒಂದಕ್ಕೊಂದು ತಾಗದಿರಲಿ. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಭಾಗಗಳಿರುವುದರಿಂದ ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿರಿ.

ಪಂಪ್‌ಸೆಟ್ಟಿನ ವೈರು, ಮನೆಯ ವೈರು ಈ ಕೆಲಸಕ್ಕೆ ಬಾರದು. ಡೀಸೆಲ್ ಇಂಜಿನ್ನಿನ ಸ್ಟಾರ್ಟರು ನೂರಾರು ಆಂಪಿಯರ್ ಎಳೆಯುತ್ತದೆ, ತೆಳು ವೈರು ಕೈಯಲ್ಲೇ ಕಾದು ಕರಗುತ್ತದೆ. 25 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ಕೇಬಲ್ ಕೊಳ್ಳಿರಿ.

"ಇಷ್ಟು ವರ್ಷ ಏನೂ ಆಗಿಲ್ಲ"

ಹಿರಿಯರು ಈ ಮಾತು ಹೇಳುವುದುಂಟು. ಅದರಲ್ಲಿ ಸ್ವಲ್ಪ ನಿಜವಿದೆ. ಹಳೆಯ ಜೀಪುಗಳಿಗೆ ಮುಂದಿನಿಂದ ಹಾಕಿ ತಿರುಗಿಸುವ ಹ್ಯಾಂಡಲ್ ಇರುತ್ತಿತ್ತು, ಬ್ರೇಕೂ ಸ್ಟೀರಿಂಗೂ ಬರೀ ಕೈಕಾಲಿನ ಬಲದಿಂದ ನಡೆಯುತ್ತಿದ್ದವು. ಇಂದು ಹ್ಯಾಂಡಲ್ ಹೋಗಿದೆ, ಗಾಡಿ ಬದಲಾಗಿದೆ, ನಮ್ಮ ರೂಢಿ ಮಾತ್ರ ಬದಲಾಗಿಲ್ಲ.

ನಮ್ಮ ಮಳೆಗಾಲವೂ ಈಗ ನಿರಾಳವಾಗಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದುದನ್ನೂ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆದುದನ್ನೂ ನಾವು ಮರೆತಿಲ್ಲ. ಮನೆ ಬಿಟ್ಟು ಹೊರಡಬೇಕಾದ ಗಳಿಗೆಯಲ್ಲಿ ಗಾಡಿ ಹೊರಡಲೇಬೇಕು. ಇಳಿಜಾರಿನ ದಾರಿಯೇ ಕೊಚ್ಚಿಹೋಗಿದ್ದರೆ ಉರುಳಿಸುವುದೆಲ್ಲಿ?

ಆದುದರಿಂದ ಕಕ್ಕಡ ಕಾಲಿಡುವ ಮೊದಲೇ, ಅಂದರೆ ಮೇ ತಿಂಗಳಲ್ಲಿ, ಬ್ಯಾಟರಿಯನ್ನು ಪರೀಕ್ಷಿಸಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟು ಇದ್ದರೆ ಬ್ಯಾಟರಿ ತುಂಬಿದೆ ಎಂದು ತಿಳಿಯಿರಿ. 12ಕ್ಕೆ ಇಳಿದಿದ್ದರೆ ಬಹುಪಾಲು ಬರಿದಾಗಿದೆ. ತುದಿಗಳಲ್ಲಿ ಕಟ್ಟಿದ ಹಸಿರು ಬಿಳಿ ಕಿಲುಬನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಸವರಿರಿ. ನೀರು ಹಾಕುವ ಬ್ಯಾಟರಿಯಾದರೆ ಬಟ್ಟಿ ಇಳಿಸಿದ ನೀರನ್ನೇ ಹಾಕಿರಿ. ನಿಂತೇ ಇರುವ ಗಾಡಿಯನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿರಿ.

ಇಷ್ಟರ ಮೇಲೂ ಕೈಕೊಟ್ಟರೆ ಜೊತೆ ಕೇಬಲ್ ಗಾಡಿಯಲ್ಲೇ ಇರಲಿ. ಮೇಲಿನ ನಾಲ್ಕು ಹೆಜ್ಜೆಗಳನ್ನು ಒಂದು ರಟ್ಟಿನ ಮೇಲೆ ಬರೆದು ಕೇಬಲಿಗೆ ಕಟ್ಟಿಡಿ. ಈ ಕೆಲಸ ಡ್ರೈವರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಮನೆಯ ಹೆಂಗಸರಿಗೆ, ದೊಡ್ಡ ಮಕ್ಕಳಿಗೆ, ಲೈನ್‌ಮನೆಯ ಇಬ್ಬರಿಗಾದರೂ ಹಗಲು ಹೊತ್ತಿನಲ್ಲಿ, ಮಳೆಯಿಲ್ಲದ ದಿನ ಒಮ್ಮೆ ಮಾಡಿ ತೋರಿಸಿರಿ. ಮರಗಸಿ, ಗೊಬ್ಬರ, ಕೀಟನಾಶಕಗಳ ಬಗ್ಗೆ ನಡೆಯುವ ರೈತ ತರಬೇತಿಗಳಲ್ಲಿ ಇದಕ್ಕೂ ಅರ್ಧ ಗಂಟೆ ಮೀಸಲಿಡಬೇಕೆಂದು ವಿಸ್ತರಣಾ ಕಾರ್ಯಕರ್ತರನ್ನು ಕೇಳಿಕೊಳ್ಳುತ್ತೇನೆ.

ಇಂದು ಸಂಜೆ ಜೀಪನ್ನು ಕಣಕ್ಕೆ ತಂದು ನಿಲ್ಲಿಸಿರಿ. ಅಲ್ಲಿಂದ ಅದು ಬೆಳಿಗ್ಗೆ ತಾನಾಗಿ ಹೊರಡದಿದ್ದರೆ, ದುರಸ್ತಿ ಮಾಡಬೇಕಾದ್ದು ಏನೆಂದು ಕಕ್ಕಡದ ರಾತ್ರಿಗಿಂತ ಮೊದಲೇ ನಿಮಗೆ ತಿಳಿದಂತಾಗುತ್ತದೆ.