ಪತಂಗದ ತಪ್ಪೇನು?

ದೀಪಕ್ಕೆ ಬಿದ್ದು ಸಾಯುವ ಪತಂಗವನ್ನು ಆಸೆಬುರುಕ ಎಂದು ಹಳಿಯುತ್ತೇವೆ. ಕೊಳಾರದ ನಮ್ಮ ಅಂಗಳದಲ್ಲಿ ಬೆಳಿಗ್ಗೆ ಅವುಗಳ ರೆಕ್ಕೆ ಗುಡಿಸುವಾಗ ನನಗೆ ತಪ್ಪು ನಮ್ಮದೇ ಅನ್ನಿಸುತ್ತದೆ. ಬೆನ್ನನ್ನು ಆಕಾಶದ ಬೆಳಕಿನ ಕಡೆಗಿಟ್ಟು ಹಾರುವುದು ಪತಂಗದ ಹುಟ್ಟುಗುಣ. ಬಲ್ಬನ್ನೂ ಆಕಾಶವೆಂದೇ ತಿಳಿದು ಸುತ್ತುತ್ತಾ ಸಿಕ್ಕಿಬೀಳುತ್ತದೆಂದು 2024ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ.

ಬೇಲಿಯ ಸೋರೆಹೂ ಅರಳುವುದು ಸಂಜೆಗೆ. ಅದರ ಪರಾಗ ಒಯ್ಯುವುದು ಇಂಥ ಪತಂಗಗಳೇ. ಸ್ವಿಟ್ಜರ್ಲೆಂಡಿನಲ್ಲಿ ದೀಪ ಹಾಕಿದ ಹುಲ್ಲುಗಾವಲಿನ ಹೂಗಳಿಗೆ ರಾತ್ರಿಯ ಕೀಟಗಳ ಭೇಟಿ ಶೇ. 62ರಷ್ಟು ಇಳಿದದ್ದು 2017ರಲ್ಲಿ ವರದಿಯಾಯಿತು.

"ಹೆಣ್ಣುಮಕ್ಕಳಿಗೆ ಬೆಳಕು ಬೇಡವೇನ್ರೀ?" ಎನ್ನುತ್ತಾರೆ. ಬೇಕು. ನಾವು ನಡೆಯುವ ದಾರಿಗೆ, ನೆಲಕ್ಕೆ ಬೀಳುವಂತೆ ಬೇಕು. ಯಾರೂ ಸುಳಿಯದ ಗೋಡೆಗೆ ಇಡೀ ರಾತ್ರಿ ಯಾಕೆ? ನಮ್ಮ ಹೆಸರು ಹೇಳಿ ಹಚ್ಚಿದ ಆ ದೀಪವನ್ನು ನಾವೇ ಶಾಂತ ಮಾಡೋಣ.